ಓರೆಗೆರೆ

ಮೂವತ್ತೊಂದು ವರ್ಷದಿಂದ ಗ್ಯೂಮ್ರಿಯ ಈ ಕಾಲೇಜಿನಲ್ಲಿ
ಬೇರೆಯವರ ಪ್ರಬಂಧಗಳ ಹೇನು ಹೆಕ್ಕುವುದು ನನ್ನ ಕೆಲಸ.
ಮೂರು ಸಾಲಿನವರೆಗೆ ಪದ್ಯವಾದರೆ ಗದ್ಯದೊಳಗೇ ಇರಲಿ,
ಸಾಲು ಮುರಿದಲ್ಲಿ ಒಂದು ಓರೆಗೆರೆ,
ಅದರ ಎರಡೂ ಮಗ್ಗುಲಿಗೆ ಉಸಿರಾಡುವಷ್ಟು ಜಾಗ.
ನಾಲ್ಕಾದರೆ ಕೆಳಗಿಳಿಸು, ಅಂಚು ಬಿಟ್ಟು ಬರೆ,
ಆಗ ಉದ್ಧರಣ ಚಿಹ್ನೆ ಬೇಡ:
ಬೇರೆ ಕೋಣೆ ಕೊಟ್ಟ ಮೇಲೆ ನೆಂಟರಿಗೆ ಬೇಲಿ ಯಾಕೆ?
ಬಿಟ್ಟದ್ದಕ್ಕೆ ಮೂರು ಚುಕ್ಕಿ. ಸೇರಿಸಿದ್ದಕ್ಕೆ ಚೌಕದ ಆವರಣ.
ಕವಿ ತಪ್ಪು ಬರೆದಿದ್ದರೆ ತಪ್ಪನ್ನೇ ಬರೆ.
ಹುಡುಗರಿಗೆ ಇದನ್ನು ಹೇಳಿ ಹೇಳಿ
ನನ್ನ ಕನಸಿನ ಮಾತಿಗೂ ಈಗ ಪುಟಸಂಖ್ಯೆ ಬಿದ್ದಿರುತ್ತದೆ.

ಮಂಗಳವಾರ ಗುರ್ಗೆನ್‌ನ ಪ್ರಬಂಧ ಬಂತು.
ಒಳ್ಳೆ ಹುಡುಗ. ಅಲ್ಪವಿರಾಮವನ್ನು ಮಾತ್ರ
ಉಪ್ಪಿನಕಾಯಿಯ ಹಾಗೆ ಎಲ್ಲದಕ್ಕೂ ಹಚ್ಚುತ್ತಾನೆ.
ನೂರಾ ನಾಲ್ಕನೇ ಪುಟದಲ್ಲಿ, ಎದುರು ನೋಡಿರದೆ, ವಾರ್ಸೆನಿಕ್:
"ಉಪ್ಪು ಮುಗಿದರೆ ಹೇಳಿ ಕಳಿಸು / ನಾನು ಬರುತ್ತೇನೆ"
ಓರೆಗೆರೆ ಸರಿ. ಜಾಗ ಸರಿ.
ಕಪಾಟಿನಿಂದ ಪುಸ್ತಕ ಇಳಿಸಿ ನೋಡಿದೆ,
ತೊಂಬತ್ತನಾಲ್ಕರ ಮುದ್ರಣ, ಪುಟ ಹದಿನೇಳು,
ಅಕ್ಷರ ಅಕ್ಷರವೂ ಸರಿ.
ಪೆನ್ಸಿಲು ಮಾತ್ರ ಮುಂದೆ ಹೋಗಲೊಲ್ಲದು.

ನಾನು ಕೇಳಿದ್ದು ಹಾಗಲ್ಲ.
ಕಾಲುಚೀಲದ ಕಾರ್ಖಾನೆ, ಊಟದ ಹೊತ್ತು, ಮೂರನೇ ಕಿಟಕಿ.
ಇಪ್ಪತ್ತು ಯಂತ್ರ ಒಮ್ಮೆಗೇ ಬಾಯಿ ಮುಚ್ಚಿದಾಗ
ಕಿವಿಯಲ್ಲಿ ಉಳಿಯುತ್ತದಲ್ಲ, ಗುಂಯ್ ಅಂತ,
ಅದರೊಳಗಿಂದ ಅವಳು ಹೇಳುತ್ತಿದ್ದಳು:

ಉಪ್ಪು ಮುಗಿದರೆ ಹೇಳಿ ಕಳಿಸು ನಾನು

ಎಂದು ನಿಲ್ಲಿಸಿ, ಲವಾಶ್ ರೊಟ್ಟಿಯ ಸುರುಳಿ ಕಚ್ಚಿ,
ಚೀಸಿನ ಪುಡಿಯನ್ನು ಮಡಿಲಿಂದ ಕೊಡವಿ,
ನಮ್ಮನ್ನೆಲ್ಲ ಬೇಕೆಂದೇ ಕಾಯಿಸಿ,

ಬರುತ್ತೇನೆ

ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು.
ಆ "ನಾನು" ಸಾಲಿನ ತುದಿಯಲ್ಲಿ,
ಕಿಟಕಿಯಿಂದ ಮೈ ಚಾಚಿ ತರಕಾರಿಯವನನ್ನು ಕರೆಯುವವಳ ಹಾಗೆ,
ಅರ್ಧ ಒಳಗೆ, ಅರ್ಧ ಬೀದಿಯ ಮೇಲೆ.

ಎಂಬತ್ತೆಂಟರ ಡಿಸೆಂಬರ್. ಹನ್ನೊಂದು ನಲವತ್ತೊಂದು.
ಊಟದ ಗಂಟೆಗೆ ಇನ್ನೂ ಹತ್ತೊಂಬತ್ತು ನಿಮಿಷ.
ನಾನು ಅಂದು ಹಲ್ಲುನೋವೆಂದು ರಜೆ ಹಾಕಿದ್ದೆ.
ಇದಕ್ಕೆ ಆಧಾರ ಕೇಳಬೇಡಿ.

ಕಲ್ಲುರಾಶಿಯಡಿ ಸಿಕ್ಕ, ನೀರು ಕುಡಿದ ಕಾಗದಗಳನ್ನು
ಆಮೇಲೆ ಯಾರೋ ಒಣಗಿಸಿ, ಓದಿ, ಸಾಲುಗಳನ್ನು ತೂಗಿ,
ಆ "ನಾನು"ವನ್ನು ಕೈಹಿಡಿದು ಕೆಳಕ್ಕಿಳಿಸಿ
ಕ್ರಿಯಾಪದದ ಪಕ್ಕದಲ್ಲಿ ಭದ್ರವಾಗಿ ಕೂರಿಸಿದರು.
ಒಳ್ಳೆಯ ಮನಸ್ಸಿನಿಂದಲೇ ಇರಬೇಕು.
ಅಷ್ಟೊಂದು ಬೀಳುವುದನ್ನು ಕಂಡವರಿಗೆ
ಒಂದು ಪದವನ್ನೂ ಅಂಚಿನಲ್ಲಿ ಬಿಡಲು ಧೈರ್ಯ ಬಾರದು.

ನಿಯಮ ಗೊತ್ತು, ಕಲಿಸಿದವಳೇ ನಾನು:
ಅಚ್ಚಾದದ್ದೇ ಪಾಠ. ನೆನಪಿಗೆ ಪುಟವಿಲ್ಲ.
ಪಕ್ಕದಲ್ಲಿ ತೆಳ್ಳಗೆ "ಇಲ್ಲಿ ರೊಟ್ಟಿ" ಎಂದು ಬರೆದೆ.
ಅಳಿಸಿದೆ.

ಗುರುವಾರ ಗುರ್ಗೆನ್ ಬಂದ.
ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು
"ಯಾವ ರೊಟ್ಟಿ?" ಎಂದ.

ಹೇಳಿದೆ. ಬರೆದುಕೊಂಡ. ಹಲ್ಲುನೋವನ್ನು ಬರೆಯಲಿಲ್ಲ,
ಕೇಳಿಸದವನಂತೆ ಪೆನ್ನಿನ ಮುಚ್ಚಳ ಹುಡುಕಿದ.

ಅಡಿಟಿಪ್ಪಣಿ ಅರವತ್ತೆರಡು:
ಮುದ್ರಿತ ಪಾಠ ಹೀಗಿದೆ. ಕೇಳಿದವರೊಬ್ಬರ ಪ್ರಕಾರ
ಸಾಲು "ನಾನು" ಎಂಬಲ್ಲಿ ಮುರಿಯುತ್ತದೆ.
"ಒಬ್ಬರು ಎಂದರೆ ಯಾರು? ಹೆಸರು, ಸ್ಥಳ, ಇಸವಿ ಕೊಡು"
ಎಂದು ರೂಢಿಯಂತೆ ಕೆಂಪಲ್ಲಿ ಗೀಚಿದೆ.
ಗೀಚಿ ಆದ ಮೇಲೆ ಹೊಳೆಯಿತು.

ಯೆರಾನುಹಿ. ಯಂತ್ರ ಸಂಖ್ಯೆ ಹನ್ನೊಂದು.
ಕಾಗುಣಿತವನ್ನು ಎರಡೆರಡು ಸಲ ನೋಡಿದೆ.

ಮುಂದಿನ ಪ್ರಬಂಧ ಸಕ್ಕರೆಗೆಡ್ಡೆಯ ರೋಗಗಳದ್ದು.
ಮುನ್ನೂರು ಪುಟ. ಒಂದೂ ಪದ್ಯವಿಲ್ಲ.
ಪುಣ್ಯ.